ಕುಬ್ಬೆಯಲ್ಲಿ ಎರಡನೆಯ ಸಲ

ನನ್ನ ಗಂಡ ಬದುಕಿರುವಾಗಲೇ ನನ್ನನ್ನು ವಿಧವೆ ಮಾಡಿದವಳು ಪಕ್ಕದ ಮನೆಯ ಜುಹ್ರಾ ಎಂದು ಮರಳುಗಾಡಿನಂಚಿನ ನಮ್ಮ ಗದಾಮೆಸ್ ಊರಿಡೀ ಹೇಳುತ್ತದೆ. ಪಾಪ, ಅವಳ ಮೇಲೆ ಅಪವಾದ ಹೊರಿಸುವುದು ಸರಿಯಲ್ಲ. ಅವಳು ಸುದ್ದಿ ಹಂಚಿದಳು, ಅಷ್ಟೆ. ಕೆಲಸ ಮಾಡಿದ್ದು ಪೂರಾ ನನ್ನ ಗಂಡನೇ. ಅವನು ಜೀವಮಾನದಲ್ಲಿ ಅರ್ಧಕ್ಕೆ ಬಿಡದೆ ಮುಗಿಸಿದ ಕೆಲಸ ಅದೊಂದೇ. ಅದರ ಶ್ರೇಯಸ್ಸನ್ನು ಇನ್ನೊಬ್ಬರಿಗೆ ಕೊಡಲು ನನಗೆ ಮನಸ್ಸಿಲ್ಲ.

ನೂರಿ ಇಪ್ಪತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ. ಮೇಲಿನ ಕೇರಿಯವರ ಕಾಗದ ಕೆಳಗಿನ ಕೇರಿಗೆ ಹೋಗುತ್ತಿತ್ತು, ಕೆಳಗಿನವರದು ಮೇಲಕ್ಕೆ. ಜನ ಇದಕ್ಕೆ ಹೊಂದಿಕೊಂಡಿದ್ದರು. ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಮಸೀದಿಯ ಹೊರಗೆ ನಿಂತು ತಂತಮ್ಮ ಕಾಗದ ಅದಲುಬದಲು ಮಾಡಿಕೊಳ್ಳುತ್ತಿದ್ದರು. ನಿವೃತ್ತನಾದ ಮೇಲೆ ಅವನು ಪ್ರವಾಸಿಗಳಿಗೆ ದಾರಿ ತೋರಿಸುವವನಾದ. ಕಾಗದಗಳನ್ನೇ ಸರಿಯಾದ ಮನೆಗೆ ಮುಟ್ಟಿಸದವನು ಮನುಷ್ಯರನ್ನು ಮುಟ್ಟಿಸಲು ಹೊರಟ.

ಹಳೆಯೂರಿನ ಓಣಿಗಳ ಮಟ್ಟಿಗೆ ಅವನನ್ನು ಮೀರಿಸುವವರಿಲ್ಲ, ಅದನ್ನು ಒಪ್ಪುತ್ತೇನೆ. ಓಣಿಗಳ ಮೇಲೆಯೇ ಮನೆಗಳು ಚಾಚಿಕೊಂಡಿರುವುದರಿಂದ ಅಲ್ಲಿ ಹಗಲಲ್ಲೂ ಕತ್ತಲು. ಅವನು ಕಣ್ಣು ಮುಚ್ಚಿಕೊಂಡು ನಡೆಯಬಲ್ಲ. ಮರಳುಗಾಡಿನಲ್ಲಿ ಮಾತ್ರ ದಿಕ್ಕು ತಪ್ಪುತ್ತಿದ್ದ, ಇತಿಹಾಸದಲ್ಲಿ ಇನ್ನೂ ಬೇಗ. ಒಂದೇ ಬಾವಿಯನ್ನು ಬೆಳಿಗ್ಗೆ ಫ್ರಾನ್ಸಿನವರಿಗೆ ಆರುನೂರು ವರ್ಷದ್ದೆಂದೂ ಸಂಜೆ ಜಪಾನಿನವರಿಗೆ ಎರಡು ಸಾವಿರ ವರ್ಷದ್ದೆಂದೂ ತೋರಿಸಿದ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, ಜಪಾನಿನವರು ಹೆಚ್ಚು ದೂರದಿಂದ ಬಂದಿದ್ದರು, ಅಂದ.

ಇದನ್ನೆಲ್ಲ ನಾನು ಸಹಿಸಿಕೊಂಡೇ ಇದ್ದೆ. ಬಾವಿ ನನ್ನದಲ್ಲ. ಮರಳು ನನ್ನದಲ್ಲ. ಮನೆ ನನ್ನದು.

ಆ ಮನೆ ನನ್ನ ಅಮ್ಮನದು. ಊರೆಲ್ಲ ಹೊಸಬಡಾವಣೆಯ ಸಿಮೆಂಟಿನ ಮನೆಗಳಿಗೆ ಹೋದ ಮೇಲೂ ನಮ್ಮಲ್ಲಿ ಯಾರೂ ಹಳೆಯೂರಿನ ಮಣ್ಣಿನ ಮನೆಗಳನ್ನು ಕೈಬಿಟ್ಟಿಲ್ಲ. ಬೇಸಿಗೆಯಲ್ಲಿ ಅಲ್ಲಿ ಹೋಗಿ ಮಲಗುತ್ತೇವೆ, ಖರ್ಜೂರ ಒಣಗಿಸುತ್ತೇವೆ. ನಾನು ಪ್ರತಿ ಗುರುವಾರ ಹೋಗುತ್ತೇನೆ. ಕೆಳಗಿನ ಓಣಿ ಗಂಡಸರದು, ಮೇಲಿನ ಮಾಳಿಗೆ ಹೆಂಗಸರದು. ಅದು ಅಜ್ಜಿಯರ ಕಾಲದಿಂದ ಬಂದ ಏರ್ಪಾಡು. ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ ಊರಿನ ಈ ತುದಿಯಿಂದ ಆ ತುದಿಗೆ ನೆಲ ಮುಟ್ಟದೆ ಹೋಗಿಬರಬಹುದು. ಮೂರು ಗಂಡುಮಕ್ಕಳನ್ನು ಹೆತ್ತು, ಅತ್ತೆಯ ಕಾಯಿಲೆ ನೋಡಿ, ಸೊಸೆಯರ ಮುಖ ನೋಡಿ ಮಾತಾಡುವುದನ್ನು ಕಲಿತ ನಾನು ವಾರಕ್ಕೆ ಒಂದು ದಿನ ಅಲ್ಲಿ ಯಾರ ಮುಖವನ್ನೂ ನೋಡದೆ ಕೂರುತ್ತಿದ್ದೆ. ಗೋಡೆಯ ಮೇಲಿನ ಅಮ್ಮನ ತಾಮ್ರದ ಬೋಗುಣಿಗಳನ್ನು ಇಳಿಸಿ ಒರೆಸಿ ಮತ್ತೆ ಏರಿಸುತ್ತಿದ್ದೆ. ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ. ಅದಕ್ಕೇ ಅದು ನನಗೆ ಬೇಕಾಗಿತ್ತು.

ನೂರಿ ಆ ಮನೆಗೆ ಬಂದದ್ದು ಮನೆಯಳಿಯನಾಗಿ. ನಮ್ಮ ಮದುವೆಯ ಚಳಿಗಾಲದಲ್ಲಿ ಅವರ ಮನೆಯ ಸೂರು ಕುಸಿದಿತ್ತು, ಹಾಗಾಗಿ ಮದುವೆ ನಮ್ಮ ಮನೆಯಲ್ಲೇ ಆಯಿತು. ಆ ಸೂರು ಮೂವತ್ತೊಂದು ವರ್ಷವಾದರೂ ರಿಪೇರಿಯಾಗಿಲ್ಲ.

ಸೋಮವಾರ ಊಟಕ್ಕೆ ಕೂತಾಗ ಅವನು, ಗುರುವಾರ ಸಂಜೆ ಹಳೆಯೂರಿನ ಮನೆಗೆ ಇಟಲಿಯ ಹದಿನಾಲ್ಕು ಮಂದಿ ಚಹಾಕ್ಕೆ ಬರುತ್ತಾರೆ, ಅಂದ. ಜೊತೆಗೆ ಹಳೆಯೂರನ್ನು ನೋಡಿಕೊಳ್ಳುವ ಸಮಿತಿಯ ಅಧಿಕಾರಿ ಉಸ್ತಾದ್ ಮಿಫ್ತಾಹ್ ಕೂಡ. ಬೆಳಿಗ್ಗೆ ಮರಳದಿಬ್ಬ ತೋರಿಸಿ ಸಂಜೆ ನೇರ ಮನೆಗೆ. ಹಳೆಯೂರಿನಲ್ಲಿ ಒಂದು ಮನೆಯನ್ನು ಸಮಿತಿ 'ಮಾದರಿ ಮನೆ' ಎಂದು ಆರಿಸುತ್ತದಂತೆ, ಬಾಗಿಲಿಗೆ ಮೂರು ಭಾಷೆಯಲ್ಲಿ ಬೋರ್ಡು ಬರುತ್ತದಂತೆ. ನನ್ನನ್ನು ಕೇಳಿದೆಯಾ ಎಂದೆ. ಈಗ ಹೇಳುತ್ತಿದ್ದೇನಲ್ಲ, ಅಂದ. ಹೇಳುವುದಕ್ಕೂ ಕೇಳುವುದಕ್ಕೂ ಇರುವ ವ್ಯತ್ಯಾಸ ಅವನಿಗೆ ಮೂವತ್ತೊಂದು ವರ್ಷದಲ್ಲಿ ತಿಳಿದಿಲ್ಲ.

ಆಮೇಲೆ ಬ್ರೆಡ್ಡು ಮುರಿಯುತ್ತ, ಉಪ್ಪು ಕಡಿಮೆಯಾಗಿದೆ ಎನ್ನುವ ಧಾಟಿಯಲ್ಲಿ ಹೇಳಿದ:

"ನೀನು ಮದುವೆ ಬಟ್ಟೆ ಹಾಕ್ಕೊಂಡು ಕುಬ್ಬೆಯೊಳಗೆ ಕೂತಿರು. ಐದು ನಿಮಿಷ. ಫೋಟೋ ತೆಗೀತಾರೆ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ನಡುಮನೆಗಳ ಗೋಡೆಗೆ ಅಂಟಿಕೊಂಡು ಪುಟ್ಟ ಗುಡಾರದಷ್ಟು ದೊಡ್ಡ ಗೂಡೊಂದು ಇರುತ್ತದೆ, ಅದೇ ಕುಬ್ಬೆ. ಹೆಣ್ಣು ಬಾಳಿನಲ್ಲಿ ಅದರೊಳಗೆ ಕೂರುವುದು ಎರಡೇ ಸಲ. ಮದುವಣಗಿತ್ತಿಯಾಗಿ ಒಮ್ಮೆ, ಗಂಡ ಸತ್ತಾಗ ಇನ್ನೊಮ್ಮೆ. ನಡುವಿನ ಮೂವತ್ತು ನಲವತ್ತು ವರ್ಷ ಅದನ್ನು ಗುಡಿಸುತ್ತಾಳೆ, ಅದಕ್ಕೆ ಸುಣ್ಣ ಬಳಿಯುತ್ತಾಳೆ. ಕೂರುವುದಿಲ್ಲ. ಮಂಡಿ ನೋವೆಂದರೂ ಕೂರುವುದಿಲ್ಲ.

"ಕೂರಬೇಕಾದ್ರೆ ನೀನು ಸಾಯಬೇಕು" ಎಂದೆ.

"ಅದೆಲ್ಲ ಹಳೇ ಕಾಲದ ಮಾತು ಮಬ್ರೂಕಾ" ಅಂದ. ದಿನವಿಡೀ ಹಳೇ ಕಾಲವನ್ನು ಮಾರಿ ಬದುಕುವ ಮನುಷ್ಯ.

ಮೂರು ದಿನ ನಾನು ಅವನೊಂದಿಗೆ ಮಾತಾಡಲಿಲ್ಲ. ಅವನು ಅದನ್ನು ಗಮನಿಸಲಿಲ್ಲ. ಗುರುವಾರ ಬೆಳಕು ಹರಿಯುವ ಹೊತ್ತಿಗೆ ಇಟಲಿಯವರನ್ನು ಜೀಪುಗಳಲ್ಲಿ ತುಂಬಿಕೊಂಡು ದಿಬ್ಬಗಳ ಕಡೆ ಹೋದ. ಹೋಗುವ ಮುಂಚೆ ಬಾಗಿಲ ಹಿಂದಿನಿಂದ ಮದುವೆ ಬಟ್ಟೆ ನೆನಪಿರಲಿ ಎಂದು ಕೂಗಿದ.

ನಾನು ಹಳೆಯೂರಿಗೆ ಹೋದೆ. ಬಾಗಿಲು ಹಾಕಿ ಅಗುಳಿ ಜಡಿದು ಕೂರುವುದು ನನ್ನ ಉದ್ದೇಶವಾಗಿತ್ತು. ಆದರೆ ಒಳಗೆ ಹೋಗಿ ನೋಡಿದರೆ ಕುಬ್ಬೆಯ ಕಮಾನಿನ ಸುಣ್ಣ ಅಂಗೈಯಗಲ ಎದ್ದಿತ್ತು. ನನ್ನಂಥವರ ಪಾಡು ಇದು. ಬರಬೇಡಿ ಎಂದು ಹೇಳಬೇಕೆಂದುಕೊಂಡವರು ಬಂದೇಬಿಟ್ಟರೆ ಅಮ್ಮನ ಗೋಡೆ ಮಾಸಿರಬಾರದು. ಸಿಟ್ಟಿನಲ್ಲೇ ಸುಣ್ಣ ಕಲಸಿದೆ, ಮೈಮೇಲೆ ಹನಿ ಬೀಳದಿರಲಿ ಎಂದು ಬಿಳಿ ಹೊದಿಕೆಯೊಂದನ್ನು ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡೆ, ಮೋಟು ಸ್ಟೂಲಿನ ಮೇಲೆ ಹತ್ತಿದೆ. ಗಂಡನನ್ನು ಬಾಯಿಗೆ ಬಂದಂತೆ ಬಯ್ಯುತ್ತ ಕಮಾನಿನ ಒಳಭಾಗಕ್ಕೆ ಕುಂಚ ಚಾಚಿದೆ. ಸ್ಟೂಲು ಜಾರಿತು.

ನಾನು ಬಿದ್ದದ್ದು ಕುಬ್ಬೆಯೊಳಗೆ, ಚಕ್ಕಂಬಕ್ಕಳ ಹಾಕಿದ ಭಂಗಿಯಲ್ಲಿ. ಬಲಗಾಲಿನ ಹರಡು ಹೊರಳಿತ್ತು. ಏಳಲು ಹೋದರೆ ಕಣ್ಣು ಕತ್ತಲಿಟ್ಟಿತು. ನೋವಿಗೆ ಒಂದಿಷ್ಟು, ಸಿಟ್ಟಿಗೆ ಅದರ ಎರಡು ಪಾಲು ಅಳು ಬಂತು. ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು ದನಿ ತೆಗೆದೇ ಅತ್ತೆ. ನೂರಿ, ನೂರಿ, ನನ್ನ ಬಾಳು ಹೀಗೆ ಮಾಡಿ ಹೋದೆಯಲ್ಲ ಎಂದು ಕೂಗಿದ್ದೂ ಹೌದು. ಮುಂದಿನ ಬೈಗುಳ ನುಂಗಿಕೊಂಡೆ. ಅದನ್ನೂ ಕೂಗಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಜುಹ್ರಾ ಆಗ ತನ್ನ ಮಾಳಿಗೆಯ ಮೇಲೆ ಖರ್ಜೂರ ಹರಡುತ್ತಿದ್ದಳು. ಅಳು ಕೇಳಿ ದಾಟಿ ಬಂದು ನಮ್ಮ ಬೆಳಕಿಂಡಿಯಲ್ಲಿ ಬಗ್ಗಿ ನೋಡಿದಳು. ಕುಬ್ಬೆ. ಕುಬ್ಬೆಯಲ್ಲಿ ಬಿಳಿ ಹೊದ್ದ ಹೆಂಗಸು. ಗಂಡನ ಹೆಸರು ಹಿಡಿದು ಅಳು. ಬೆಳಿಗ್ಗೆ ಜುಹ್ರಾಳ ಗಂಡ ದಿಬ್ಬದ ಕಡೆ ಪ್ರವಾಸಿಗಳ ಜೀಪೊಂದು ಪಲ್ಟಿ ಹೊಡೆದಿದೆ ಎಂದು ಬೇರೆ ಹೇಳಿದ್ದನಂತೆ. ಆ ಜೀಪಿಗೂ ನಮ್ಮವನಿಗೂ ಸಂಬಂಧವಿರಲಿಲ್ಲ, ಅದರಲ್ಲಿದ್ದವರಿಗೆ ಏನೂ ಆಗಿರಲಿಲ್ಲ. ಆದರೆ ಕುಬ್ಬೆಯಲ್ಲಿ ಕೂತವಳನ್ನು ಯಾಕೆ ಕೂತೆ ಎಂದು ಕೇಳುವವರು ನಮ್ಮೂರಿನಲ್ಲಿ ಹುಟ್ಟಿಲ್ಲ. ನಾನು ತಲೆಯೆತ್ತುವಷ್ಟರಲ್ಲಿ ಬೆಳಕಿಂಡಿ ಖಾಲಿ. ಮಾಳಿಗೆಗಳ ಮೇಲೆ ಅವಳ ಹೆಜ್ಜೆ ಓಡುತ್ತ ಹೋದದ್ದು ಕೇಳಿಸಿತು.

ಕಾಲು ಗಂಟೆಯೊಳಗೆ ಮೆಟ್ಟಿಲಿನ ಮೇಲಿಂದ ಹೆಂಗಸರು ಇಳಿಯತೊಡಗಿದರು. ಮೊದಲು ಬಂದವಳು ಅಮ್ಮನ ತಂಗಿ, ನನ್ನ ಚಿಕ್ಕಮ್ಮ ತಿಬ್ರಾ. ಎಂಬತ್ತು ದಾಟಿದ ಜೀವ, ಎರಡು ಸಲ ವಿಧವೆ. ಇಂಥ ವಿಷಯಗಳಲ್ಲಿ ಅವಳ ಮಾತೇ ಕೊನೆಯದು. ನನ್ನ ತಲೆಯನ್ನು ಎದೆಗೊತ್ತಿಕೊಂಡಳು. ನಾನು ಬಿಡಿಸಿಕೊಂಡು, ಚಿಕ್ಕಮ್ಮ, ಅವನು ಸತ್ತಿಲ್ಲ, ಎಂದೆ.

"ಹೌದು ಕಂದಾ" ಅಂದಳು ತಿಬ್ರಾ. "ಮೊದಲ ದಿನ ಯಾರೂ ಸತ್ತಿರಲ್ಲ."

ನನ್ನ ಕಾಲು ಉಳುಕಿದೆ ಎಂದೆ. ದುಃಖ ಕಾಲಿಗೇ ಇಳಿಯುವುದು ಎಂದು ಇನ್ನೊಬ್ಬಳು ತಲೆದೂಗಿದಳು. ಬೆಳಿಗ್ಗೆ ಗಟ್ಟಿಮುಟ್ಟಾಗಿಯೇ ಹೋದ ಎಂದೆ. ಎಲ್ಲರೂ ಮತ್ತೆ ಅತ್ತರು, ಗಟ್ಟಿಮುಟ್ಟಾಗಿ ಹೋದವರೇ ತಿರುಗಿ ಬರದಿರುವುದು ಎಂದು. ನಿಜ ಹೇಳಿದಷ್ಟೂ ನನ್ನ ಶೋಕ ಆಳವಾಗಿ ಕಾಣುತ್ತಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅಕ್ಕಪಕ್ಕದವರೇ ಅಡಿಗೆ ತಂದರು. ಬಾರ್ಲಿ ಮುದ್ದೆ ಬಂತು, ಗೋಧಿ ರವೆಯ ಕೂಸ್‌ಕೂಸ್ ಬಂತು, ಕುರಿಮಾಂಸದ ಸಾರು ಎರಡು ಕಡೆಯಿಂದ ಬಂತು. ಯಾರೋ ನನ್ನ ಕಾಲಿಗೆ ಬಿಸಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದರು. ಸತ್ಯವನ್ನು ಇನ್ನೊಮ್ಮೆ ಹೇಳೋಣವೆಂದು ಬಾಯಿ ತೆರೆದೆ. ಬಾಯಿಗೆ ಕೂಸ್‌ಕೂಸ್ ಇಟ್ಟರು.

ಆಮೇಲೆ ಶುರುವಾಯಿತು ಹೊಗಳಿಕೆ. ನೂರಿಯಂಥ ಗಂಡ ಕೋಟಿಗೊಬ್ಬನಂತೆ. ಹೆಂಡತಿಯ ಮಾತು ಮೀರದವನಂತೆ. ದಿಕ್ಕು ಬಲ್ಲವನಂತೆ, ನಕ್ಷತ್ರ ಬಲ್ಲವನಂತೆ. ಯಾವ ನೂರಿಯ ಬಗ್ಗೆ ಮಾತಾಡುತ್ತಿದ್ದಾರೆ ಎಂದು ನನಗೇ ಅನುಮಾನ ಬಂತು. ಹತ್ತು ವರ್ಷ ತನ್ನ ತಂಗಿಯ ಕಾಗದಗಳಿಗಾಗಿ ಕೆಳಗಿನ ಕೇರಿಗೆ ಅಲೆದ ಜುಹ್ರಾಳೇ, ಅವನ ಕೈಯಲ್ಲಿ ಕಾಗದ ಕೊಟ್ಟರೆ ದೇವರ ಕೈಯಲ್ಲಿ ಕೊಟ್ಟಂತೆ, ಎಂದು ಕಣ್ಣೊರೆಸಿಕೊಂಡಳು. ಮನುಷ್ಯ ಬದುಕಿದ್ದಾಗ ಒಂದು ಒಳ್ಳೆಯ ಮಾತಿಗೂ ತತ್ವಾರ. ಕುಬ್ಬೆಯಲ್ಲಿ ಹೆಂಡತಿ ಕೂತಳೆಂದರೆ ಸಾಕು, ಬೋರ್ಡು ಹಾಕಿಬಿಡುತ್ತಾರೆ.

ಇಷ್ಟಾದರೂ, ದೇವರಾಣೆ, ನಾನು ಏಳುವವಳೇ ಇದ್ದೆ. ಇಬ್ಬರನ್ನು ಹಿಡಿದುಕೊಂಡು ಎದ್ದು ನಿಂತು, ಸ್ಟೂಲಿನ ಕಥೆ ಹೇಳಿ, ಎಲ್ಲರನ್ನೂ ನಗಿಸಿ ಕಳಿಸುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಆಗಲೇ ಕೆಳಗಿನ ಓಣಿಯಿಂದ ನೂರಿಯ ಅಣ್ಣ, ಸಾಸಿ ಭಾವನ ಕೆಮ್ಮು ಕೇಳಿಸಿತು.

ಸಾಸಿ ಭಾವ ಒಳಗೆ ಬರುವಂತಿರಲಿಲ್ಲ. ವಿಧವೆ ಕುಬ್ಬೆಯಲ್ಲಿ ಕೂತ ಮನೆಯ ಹೊಸ್ತಿಲನ್ನು ಅವಳ ತಂದೆ, ಅಣ್ಣತಮ್ಮ, ಮಕ್ಕಳನ್ನು ಬಿಟ್ಟು ಬೇರೆ ಯಾವ ಗಂಡಸೂ ನಾಲ್ಕು ತಿಂಗಳು ಹತ್ತು ದಿನ ದಾಟುವಂತಿಲ್ಲ. ಹಾಗಾಗಿ ಅವನು ಬಾಗಿಲ ಹೊರಗೆ ಓಣಿಯ ಕಟ್ಟೆಯ ಮೇಲೆ ಕೂತು, ಗೋಡೆಗೆ ಮಾತಾಡುವವನಂತೆ ಮಾತಾಡಿದ. ಹೆಣ ತರಲು ಇಬ್ಬರನ್ನು ದಿಬ್ಬದ ಕಡೆ ಕಳಿಸಿದ್ದೇನೆ ಎಂದ. ಮಕ್ಕಳಿಗೆ ಟ್ರಿಪೋಲಿಗೆ ಫೋನು ಮಾಡುತ್ತಿದ್ದೇನೆ, ಲೈನು ಸಿಗುತ್ತಿಲ್ಲ ಎಂದ. ಸಿಗದಿರಲಿ ಎಂದು ನಾನು ಬೇಡಿಕೊಂಡೆ. ಆಮೇಲೆ ಗಂಟಲು ಸರಿಮಾಡಿಕೊಂಡ.

"ತಮ್ಮ ಹೋದ. ಅವನ ಮಾತು ಹೋಗಬಾರದು. ಈ ಮನೇನ ಹತ್ತು ವರ್ಷಕ್ಕೆ ಸಮಿತಿಗೆ ಬರ್ಕೊಟ್ಟಿದಾನೆ. ಮುಂದಿನದನ್ನ ನಾನು ನೋಡ್ಕೋತೀನಿ ತಂಗೀ, ನೀನು ಯೋಚನೆ ಮಾಡ್ಬೇಡ."

ನಡುಮನೆಯಲ್ಲಿ ಅಳು ನಿಂತಿತು. ತಿಬ್ರಾ ಮೆಟ್ಟಿಲ ಬಾಯಿಗೆ ಹೋಗಿ, ಯಾವ ಮನೆ, ಏನು ಬರೆದುಕೊಟ್ಟ, ಎಂದು ಕೇಳಿದಳು. ಸಾಸಿ ಭಾವ ವಿವರವಾಗಿ ಹೇಳಿದ. ಮನೆಯ ಯಜಮಾನ ನೂರಿ, ಅವನ ಅಜ್ಜ ಕಟ್ಟಿಸಿದ್ದು, ದಿನಕ್ಕೆ ಮೂರು ತಂಡ ಪ್ರವಾಸಿಗಳು, ಗುರುವಾರ ಶುಕ್ರವಾರ ಐದು. ರುಜು ಹಾಕಿ ಎರಡು ತಿಂಗಳಾಗಿದೆ. ಸಾಕ್ಷಿಗೆ ತಾನೇ ಇದ್ದನಂತೆ.

ನನ್ನ ಅಜ್ಜ ಈ ಮನೆ ಕಟ್ಟುವಾಗ ಖರ್ಜೂರದ ತೊಲೆಗಳನ್ನು ಹೊತ್ತು ಬೆನ್ನು ಮುರಿದುಕೊಂಡಿದ್ದ. ಅಮ್ಮ ಈ ಗೋಡೆಯ ಕೆಂಪು ಚಿತ್ತಾರವನ್ನು ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರೆದಿದ್ದಳು. ಎರಡು ತಿಂಗಳಿನಿಂದ ಗುರುವಾರ ಗುರುವಾರ ನಾನು ಇಲ್ಲಿ ಬೋಗುಣಿ ಒರೆಸುತ್ತಿದ್ದಾಗ ಈ ಮನೆ ನನ್ನದಾಗಿರಲಿಲ್ಲ. ಅದು ನೂರಿಗೆ ಗೊತ್ತಿತ್ತು. ಗೊತ್ತಿದ್ದೂ ರಾತ್ರಿ ಮನೆಗೆ ಬಂದವಳನ್ನು, ಇವತ್ತು ಏನು ಮಾಡಿದೆ, ಎಂದು ಕೇಳುತ್ತಿದ್ದ.

ಇಬ್ಬರು ನನ್ನನ್ನು ಎಬ್ಬಿಸಲು ತೋಳು ಹಿಡಿದಿದ್ದರು. ಬಿಡಿ ಎಂದೆ. ಹೊದಿಕೆಯನ್ನು ಹಣೆಯವರೆಗೆ ಎಳೆದುಕೊಂಡು ಕುಬ್ಬೆಯ ಹಿಂಗೋಡೆಗೆ ಒರಗಿ ಭದ್ರವಾಗಿ ಕೂತೆ.

"ಚಿಕ್ಕಮ್ಮ" ಎಂದೆ, "ಬಾಗಿಲು ನೋಡ್ಕೋ. ನಾನು ವಿಧವೆ."

ತಿಬ್ರಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಮೊದಲ ಗಂಡ ಸತ್ತಾಗ ಅವಳ ಮನೆಯನ್ನು ಮೈದುನರು ಹಂಚಿಕೊಂಡಿದ್ದರು. ಅವಳು ಕೆಳಗಿಳಿದು ಬಾಗಿಲ ಒಳಗೆ ಮಣೆ ಹಾಕಿಕೊಂಡು ಕೂತಳು.

ಇನ್ನು ಸತ್ತವನ ಕಡೆಗೆ ಬರೋಣ. ಮುಂದಿನ ಸಂಗತಿಯನ್ನು ನನಗೆ ಏಳು ಜನ ಏಳು ರೀತಿ ಹೇಳಿದ್ದಾರೆ. ನನ್ನ ಗಂಡನಿಗೆ ಅತ್ಯಂತ ಕಡಿಮೆ ಗೌರವ ತರುವಂಥದ್ದನ್ನು ನಾನು ಆರಿಸಿಕೊಂಡಿದ್ದೇನೆ.

ಮಧ್ಯಾಹ್ನದ ಮೇಲೆ ದಿಬ್ಬದಲ್ಲಿ ಗಾಳಿಯೆದ್ದು ಎಲ್ಲರೂ ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ಹೆಣ ತರಲು ಹೋದ ಇಬ್ಬರು ತಿರುಗಿ ಬರುತ್ತಿದ್ದ ನೂರಿಯ ಜೀಪನ್ನು ದೂರದಿಂದ ಕಂಡು, ಜೀಪು ಪಲ್ಟಿಯಾದದ್ದು ಎಲ್ಲಿ ಎಂದು ಕೂಗಿ ಕೇಳಿದರು. ದಾರಿ ಕೇಳಿದವರಿಗೆ ಗೊತ್ತಿಲ್ಲ ಅಂದು ನಮ್ಮವನಿಗೆ ಅಭ್ಯಾಸವಿಲ್ಲ. ಕೈ ಚಾಚಿ ತೋರಿಸಿದ. ಅವನು ತೋರಿಸಿದ ದಿಕ್ಕಿನಲ್ಲಿ ಹೋದವರು ಮರುದಿನ ಮಧ್ಯಾಹ್ನ ಗಡಿಯ ಠಾಣೆಯಿಂದ ಬಿಡಿಸಿಕೊಂಡು ಬಂದರು.

ಸಂಜೆಯ ಹೊತ್ತಿಗೆ ನೂರಿ ಇಟಲಿಯವರನ್ನೂ ಊರಬಾಗಿಲಲ್ಲಿ ಕಾಯುತ್ತಿದ್ದ ಉಸ್ತಾದ್ ಮಿಫ್ತಾಹ್‌ನನ್ನೂ ಕರೆದುಕೊಂಡು ಓಣಿ ಹೊಕ್ಕ. ಹೊರಗಿನ ಬಿಸಿಲಿನಿಂದ ಬಂದವರಿಗೆ ನಮ್ಮ ಓಣಿಯಲ್ಲಿ ಮೊದಮೊದಲು ಏನೂ ಕಾಣುವುದಿಲ್ಲ. ಎರಡು ಕಡೆಯ ಕಟ್ಟೆಗಳ ಮೇಲೆ ಗಂಡಸರು ಸಾಲಾಗಿ, ಸದ್ದಿಲ್ಲದೆ ಕೂತಿದ್ದಾರೆಂದು ಮಾತ್ರ ಗೊತ್ತಾಯಿತು. ಯಾರದೋ ಸಾವಾಗಿದೆ ಎಂದು ನೂರಿಗೆ ಹೊಳೆಯಿತು. ಸಂತಾಪಕ್ಕಿಂತ ಮೊದಲು ಅವನಿಗೆ ಸಂತೋಷವಾಯಿತಂತೆ. ಇಟಲಿಯವರ ಕಡೆ ತಿರುಗಿ ಪಿಸುದನಿಯಲ್ಲಿ, ನೀವು ಅದೃಷ್ಟವಂತರು, ಇದು ಯಾವ ತಂಡಕ್ಕೂ ಸಿಕ್ಕಿಲ್ಲ, ಅಸಲಿ ಸಾವು, ಎಂದ. ಹದಿನಾಲ್ಕು ಮಂದಿ ಟೋಪಿ ತೆಗೆದರು. ಅವರನ್ನೆಲ್ಲ ಕಟ್ಟೆಯ ಮೇಲೆ ಒತ್ತೊತ್ತಾಗಿ ಕೂರಿಸಿ, ತಾನೂ ಕೂತು, ಅಂಗೈ ಎತ್ತಿ ಸತ್ತವನಿಗಾಗಿ ಪ್ರಾರ್ಥನೆ ಹೇಳಿದ. ಮುಖದ ಬಟ್ಟೆ ಬಿಚ್ಚದೆ ತುಸುವೇ ಸರಿಸಿ, ಪಕ್ಕದ ಮುದುಕ ಕೊಟ್ಟ ಚಹಾ ಕುಡಿದ. ನಮ್ಮಲ್ಲಿ ಸಾವಿಗೆ ಇಷ್ಟು ಜನ ಸೇರಬೇಕಾದರೆ ಸತ್ತವನು ಭಾರೀ ಮನುಷ್ಯನಾಗಿರಬೇಕು ಎಂದು ಇಟಲಿಯವರಿಗೆ ವಿವರಿಸಿದ. ಕೊನೆಗೆ ಮುದುಕನ ಕಡೆ ಬಗ್ಗಿ, ಹೋದವರು ಯಾರು ಎಂದು ಕೇಳಿದ.

"ದಾರಿ ತೋರಿಸೋ ನೂರಿ" ಅಂದ ಮುದುಕ.

"ಅಯ್ಯೋ ಪಾಪ. ಯಾವ ನೂರಿ?"

"ಅಂಚೆ ಕಚೇರಿ ನೂರಿ ಕಣಪ್ಪ. ಮಬ್ರೂಕಾನ ಗಂಡ."

ನೂರಿ ಚಹಾದ ಲೋಟ ಕೆಳಗಿಟ್ಟ. ಅವನು ಮೊದಲು ಕೇಳಿದ ಪ್ರಶ್ನೆ, ಯಾವಾಗ ಎಂಬುದು. ಬೆಳಿಗ್ಗೆ ಎಂದರು. ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕುವವನಂತೆ ಕೂತಿದ್ದು, ಮುಖದ ಬಟ್ಟೆ ಬಿಚ್ಚಿದ.

ಓಣಿಯಲ್ಲಿ ಎದ್ದ ಗದ್ದಲ ನನಗೆ ಕುಬ್ಬೆಯಲ್ಲೇ ಕೇಳಿಸಿತು. ಸಾಸಿ ಭಾವ ತಮ್ಮನನ್ನು ತಬ್ಬಿಕೊಂಡು ಅತ್ತ, ಆಮೇಲೆ ತಳ್ಳಿ ಬೈದ. ಇಟಲಿಯವರು ಚಪ್ಪಾಳೆ ತಟ್ಟಿದರು. ಸತ್ತವನು ಎದ್ದು ಬರುವುದೂ ನಮ್ಮ ಪದ್ಧತಿಯೇ ಎಂದುಕೊಂಡರೇನೋ. ಮೇಲೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಜುಹ್ರಾ ತಾನು ತಂದಿದ್ದ ಸಾರಿನ ಪಾತ್ರೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

ಬಾಗಿಲು ಬಡಿದ ಸದ್ದಾಯಿತು. ನಾನೇ ಕಣೇ, ಬದುಕಿದೀನಿ, ಬಾಗಿಲು ತೆಗಿ, ಎಂದು ನನ್ನ ಗಂಡ ಕೂಗಿದ.

"ಬದುಕಿರೋನು ದೂರ ನಿಂತ್ಕೊ" ಅಂದಳು ತಿಬ್ರಾ, ಒಳಗಿನಿಂದ. "ಒಳಗೆ ವಿಧವೆ ಕೂತಿದಾಳೆ. ಪರಗಂಡಸರು ಬರೋ ಹಾಗಿಲ್ಲ."

ನಾನು ಪರಗಂಡಸಲ್ಲ, ಅವಳ ಗಂಡ, ಎಂದ. ಅವಳ ಗಂಡ ಸತ್ತಿದ್ದಾನೆ, ನಾವೆಲ್ಲ ಅತ್ತಾಗಿದೆ, ಊಟವೂ ಆಗಿದೆ, ಎಂದಳು. ಇದು ಹುಡುಗಾಟವಲ್ಲ ಚಿಕ್ಕಮ್ಮ, ಅತಿಥಿಗಳು ನಿಂತಿದ್ದಾರೆ, ಉಸ್ತಾದ್ ನಿಂತಿದ್ದಾರೆ, ಎಂದ. ಉಸ್ತಾದ್ ಇದ್ದರೆ ಒಳ್ಳೆಯದೇ ಆಯಿತು, ಅವರನ್ನೇ ಒಂದು ಮಾತು ಕೇಳುವುದಿದೆ, ಎಂದು ತಿಬ್ರಾ ಓಣಿಯೆಲ್ಲ ಕೇಳುವಂತೆ ದನಿಯೆತ್ತಿದಳು: ನಿಮ್ಮ ಕಾಗದದಲ್ಲಿ ಈ ಮನೆಯ ಯಜಮಾನ ಯಾರೆಂದು ಬರೆದಿದೆ?

ಉಸ್ತಾದ್ ಮಿಫ್ತಾಹ್ ಚೀಲದಿಂದ ಕಾಗದ ತೆಗೆದು ಬೆಳಕು ಬೀಳುವ ಜಾಗಕ್ಕೆ ಹೋಗಿ ಓದಿದ. ಯಜಮಾನ ನೂರಿ, ಅಜ್ಜನಿಂದ ಬಂದ ಆಸ್ತಿ. ಕಟ್ಟೆಯ ಮೇಲಿನ ಮುದುಕರು ಒಟ್ಟಿಗೆ ಗೊಣಗಿದರು. ಅವರಲ್ಲಿ ಇಬ್ಬರು ನನ್ನ ಅಜ್ಜನ ಜೊತೆ ತೊಲೆ ಹೊತ್ತವರ ಮಕ್ಕಳು. ಇದು ಮಬ್ರೂಕಾಳ ತಾಯಿಯ ಮನೆ, ನೂರಿ ಮನೆಯಳಿಯ, ಅವನ ಅಜ್ಜನ ಮನೆ ಬೇಕಾದರೆ ಆ ತಿರುವಿನಲ್ಲಿ ಸೂರಿಲ್ಲದೆ ನಿಂತಿದೆ, ಹೋಗಿ ನೋಡಿ, ಎಂದರು.

ಮಿಫ್ತಾಹ್‌ನ ದನಿ ತೆಳ್ಳಗಾಯಿತು. ಅವನೂ ಸಿಕ್ಕಿಬಿದ್ದಿದ್ದ, ವಿಚಾರಿಸಿ ನೋಡಿದ್ದೇನೆ ಎಂದು ಆ ಕಾಗದದ ಕೆಳಗೆ ಅವನ ರುಜುವೂ ಇತ್ತು.

"ಏನ್ರೀ ನೂರಿ, ಇದು ನಿಮ್ಮ ಮನೆ ಹೌದೋ ಅಲ್ಲವೋ?"

ನೂರಿ, ಹೆಂಡತಿಯದು ಗಂಡನದು ಎಂಬ ಭೇದ ನಮ್ಮಲ್ಲಿಲ್ಲ ಎಂದು ಶುರುಮಾಡಿದ. ನಾನು ಅವಳನ್ನು ಬೇರೆ ಎಂದು ಎಂದೂ ಕಂಡಿಲ್ಲ ಎಂದ. ಅದು ಮಾತ್ರ ನಿಜ. ಅವನು ನನ್ನನ್ನು ಕಂಡೇ ಇಲ್ಲ. ಹೌದೋ ಅಲ್ಲವೋ ಎಂದು ಮಿಫ್ತಾಹ್ ಮತ್ತೆ ಕೇಳಿದ. ಮಾಳಿಗೆಗಳ ಮೇಲೆ, ಬೆಳಕಿಂಡಿಗಳ ಸುತ್ತ ಕೂತ ಇಡೀ ಊರಿನ ಹೆಂಗಸರು ಕಾಯುತ್ತಿದ್ದರು. ಅಲ್ಲ, ಅಂದ ನೂರಿ, ಅಂಚೆಚೀಟಿಯಷ್ಟು ಸಣ್ಣ ದನಿಯಲ್ಲಿ.

ಮಿಫ್ತಾಹ್ ಬೆವರು ಒರೆಸಿಕೊಂಡು ಕಾನೂನು ಹೇಳಿದ. ಇನ್ನೊಬ್ಬರ ಮನೆಯನ್ನು ತನ್ನದೆಂದು ರುಜು ಹಾಕಿಕೊಟ್ಟರೆ ಅದು ಪೊಲೀಸರ ವಿಷಯ. ತಾನು ಬರೆದು ಕಳಿಸಲೇಬೇಕು. ಆದರೆ, ಎಂದು ತಡೆದು, ದನಿ ಇಳಿಸಿದ.

"ರುಜು ಹಾಕಿದೋನು ತೀರ್ಕೊಂಡಿದ್ರೆ ಮಾತ್ರ ತಾಪತ್ರಯ ಇಲ್ಲ. ಯಜಮಾನ ಮೃತ, ಕರಾರು ರದ್ದು. ಒಂದು ಗೆರೆ ಬರೆದ್ರೆ ಮುಗೀತು. ಯಾರೂ ಯಾರನ್ನೂ ಕೇಳಲ್ಲ."

ಮೂವತ್ತೊಂದು ವರ್ಷದಲ್ಲಿ ನನ್ನ ಗಂಡ ಒಂದು ತೀರ್ಮಾನವನ್ನು ಇಷ್ಟು ಬೇಗ ತೆಗೆದುಕೊಂಡದ್ದನ್ನು ನಾನು ಕೇಳಿಲ್ಲ.

"ಹಾಗಾದ್ರೆ ಸತ್ತೆ ಅಂತಲೇ ಬರ್ಕೊಳ್ಳಿ" ಅಂದ.

ಬರೆದುಕೊಂಡರು. ಸಾಸಿ ಭಾವನೇ ಸಾಕ್ಷಿ ಹಾಕಿದ. ಆ ಮನುಷ್ಯನಿಗೆ ಸಾಕ್ಷಿ ಹಾಕುವುದೆಂದರೆ ಅಷ್ಟು ಇಷ್ಟ. ಕಟ್ಟೆಯ ಮುದುಕರಿಬ್ಬರು ಬೆರಳೊತ್ತಿದರು. ತಿಬ್ರಾ ಬಾಗಿಲ ಸಂದಿಯಿಂದ ಕೈ ಚಾಚಿ ಒಂದು ಪ್ರತಿ ಇಸಿದುಕೊಂಡು ಮೇಲೆ ಕಳಿಸಿದಳು. ಶಾಯಿ ಇನ್ನೂ ಹಸಿಯಿತ್ತು. ಯಜಮಾನ ಮೃತ. ಮನೆ ಆತನ ಹೆಂಡತಿಯ ತಾಯಿಯಿಂದ ಬಂದದ್ದು, ಆಕೆಯದೇ. ಓದಿ ಮಡಚಿ ಎದೆಯೊಳಗಿಟ್ಟುಕೊಂಡೆ. ಅಷ್ಟು ಹೊತ್ತಿನಿಂದ ಅತ್ತಿದ್ದಕ್ಕೆಲ್ಲ ಆಗ ಒಂದು ಸಲ ನಿಜವಾಗಿ ಅತ್ತೆ. ಹೆಂಗಸರು ಯಾರೂ ಸಮಾಧಾನ ಮಾಡಲಿಲ್ಲ.

ಗಂಡಸರು ಎದ್ದು ಹೋದರು. ಇಟಲಿಯವರನ್ನು ಮಿಫ್ತಾಹ್ ಹೋಟೆಲಿಗೆ ಕರೆದೊಯ್ದ. ಪ್ರವಾಸದಲ್ಲಿ ಇದಕ್ಕಿಂತ ಚೆನ್ನಾಗಿ ಏನನ್ನೂ ನೋಡಲಿಲ್ಲ ಎಂದು ಅವರು ಸಮಿತಿಗೆ ಬರೆದರೆಂದು ಆಮೇಲೆ ತಿಳಿಯಿತು. ಹೆಂಗಸರು ಖಾಲಿ ಪಾತ್ರೆಗಳನ್ನು ಹೊತ್ತುಕೊಂಡು ಬಂದ ದಾರಿಯಲ್ಲೇ ಮಾಳಿಗೆ ಹತ್ತಿದರು. ಓಣಿಯಲ್ಲಿ ಒಬ್ಬನೇ ಉಳಿದ. ಅವನ ಚಪ್ಪಲಿ ಬಾಗಿಲ ಮುಂದೆ ಅತ್ತಿತ್ತ ಸರಿಯುವುದು ಕೇಳುತ್ತಿತ್ತು.

"ಎಲ್ಲ ಸರಿಹೋಯ್ತಲ್ಲ ಮಬ್ರೂಕಾ" ಅಂದ, ಬಾಗಿಲಿಗೆ ಬಾಯಿಟ್ಟು. "ಮನೆ ನಿನ್ನದೇ ಅಂತ ಬರೆಸಿದೀನಿ. ಬಾಗಿಲು ತೆಗಿ. ಹಸಿವಾಗಿದೆ."

ಬರೆಸಿದ್ದಾನಂತೆ.

ತಿಬ್ರಾಳ ಹೆಗಲು ಹಿಡಿದುಕೊಂಡು, ಒಂದೇ ಕಾಲಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಬಾಗಿಲವರೆಗೆ ಬಂದೆ. ಅಗುಳಿ ಸರಿಯಾಗಿ ಬಿದ್ದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದೆ.

"ನಾನು ವಿಧವೆ ಹೆಂಗಸು" ಎಂದೆ. "ಪರಗಂಡಸರ ಜೊತೆ ಮಾತಾಡೋ ಹಾಗಿಲ್ಲ. ನಾಲ್ಕು ತಿಂಗಳು ಹತ್ತು ದಿನ ಕಳೀಲಿ. ಆಮೇಲೆ ಯಾರಾದ್ರೂ ಹೆಣ್ಣು ಕೇಳೋಕೆ ಬಂದ್ರೆ, ಅವರಿಗೆ ಸ್ವಂತ ಸೂರಿದೆಯಾ ಅಂತ ಮೊದಲು ವಿಚಾರಿಸ್ತೀನಿ."